ತೂಕ ಇಳಿಯುವುದನ್ನು ನೋಡುತ್ತ

ಝಾಗ್ರೆಬಿನಲ್ಲಿ ರಾತ್ರಿ ಎರಡು ಗಂಟೆ.
ಕೊನೆಯ ಟ್ರ್ಯಾಮು ಹೋಗಿ ಎಷ್ಟೋ ಹೊತ್ತಾಯಿತು.
ನೆಲಮಾಳಿಗೆಯಲ್ಲಿ ಕುಲುಮೆಯೂ ನಾನೂ;
ಅದಕ್ಕೂ ವಯಸ್ಸಾಗಿದೆ, ಕಾವೇರುವಾಗ ಕೀಲು ಕಟಕಟ ಅನ್ನುತ್ತದೆ.

ಮೂಸೆಯೊಳಗೆ ಕಾಳುಮೆಣಸಿನಷ್ಟು ನೇರಳೆ ಹರಳು.
ಬೆಳೆಸಲು ಆರು ವಾರ ಹಿಡಿಯಿತು,
ಕಿಟಕಿಯಂಚಲ್ಲಿ ಬೀಕರು, ಮೇಲೆ ತೂತು ಚುಚ್ಚಿದ ಕಾಗದ,
‘ಯಾರೂ ಅಲುಗಿಸಬೇಡಿ’ ಎಂದು ನನ್ನದೇ ಅಕ್ಷರ.
ಒಂದು ತಾಮ್ರಕ್ಕೆ ಎರಡು ಕ್ರೋಮಿಯಂ,
ನಡುವೆ ಇಬ್ಬರ ಕೈಯನ್ನೂ ಹಿಡಿದ ಆಕ್ಸಲೇಟು:
ಬ್ಲಿತ್ವ ಸೊಪ್ಪು ತಿಂದಮೇಲೆ ಹಲ್ಲಿಗೆ ಹತ್ತಿಕೊಳ್ಳುತ್ತದಲ್ಲ,
ಆ ಒಗರು. ಅದೇ.

ಹಳೆಯ ದಾರಿ ನನಗೆ ಗೊತ್ತು, ಇಪ್ಪತ್ತು ವರ್ಷ ಅದನ್ನೇ ತುಳಿದೆ.
ಎರಡು ಪುಡಿ, ಒಂದು ಒರಳು, ರಟ್ಟೆ ಸೋಲುವವರೆಗೆ ಅರೆ.
ಸಾವಿರ ಡಿಗ್ರಿಗೆ ಕಾಸು. ತೆಗೆ. ಮತ್ತೆ ಅರೆ. ಮತ್ತೆ ಕಾಸು.
ಕಣ್ಣಿಗೆ ಒಂದೇ ಬಣ್ಣ; ಎಕ್ಸ್-ರೇ ಹಾಯಿಸಿದರೆ
ತಾಮ್ರದ ಗುಡ್ಡೆ ಬೇರೆ, ಕ್ರೋಮಿಯಮ್ಮಿನದು ಬೇರೆ,
ಗಡಿಯಲ್ಲಷ್ಟೇ ಒಂದಿಷ್ಟು ಮಾತುಕತೆ.

ನಮ್ಮ ದ್ವೀಪದಲ್ಲಿ ಅಜ್ಜನೂ ಹಾಗೇ ಮಾಡಿದ್ದ.
ಎಣ್ಣೆಗಾಣದ ಪಾಲಿಗಾಗಿ ಮುನಿಸಿಕೊಂಡಿದ್ದ
ಅಪ್ಪ ಯೋಶ್ಕೊ, ದೊಡ್ಡಪ್ಪ ಲುಕ್ಷಾ, ಇಬ್ಬರನ್ನೂ
ಒಂದೇ ದೋಣಿಗೆ ಹತ್ತಿಸಿ ಸಾರ್ಡೀನು ಹಿಡಿಯಲು ಕಳಿಸಿದ.
ಬೆಳಗ್ಗೆ ಬಂದರು. ಬಲೆ ತುಂಬಿತ್ತು.
ಒಬ್ಬ ದೋಣಿಯ ಮೂತಿಯಿಂದ ಇಳಿದ, ಒಬ್ಬ ಹಿಂಬದಿಯಿಂದ.

ನೂರಿಪ್ಪತ್ತು ಡಿಗ್ರಿ. ನೀರು ಹೋಗುತ್ತಿದೆ.
ಪರದೆಯ ಮೇಲೆ ಗೆರೆ ಒಂದು ಮೆಟ್ಟಿಲು ಇಳಿದು ನಿಲ್ಲುತ್ತದೆ.
ನಿಮಿಷಕ್ಕೆ ಎರಡೇ ಡಿಗ್ರಿ; ಇದಕ್ಕಿಂತ ಅವಸರ ಸಲ್ಲದು.
ಹೋದ ತಿಂಗಳು ದಾಮೀರ್, ಹೊಸ ಹುಡುಗ,
ಸಂಜೆ ಫುಟ್‌ಬಾಲಿಗೆ ಹೋಗಬೇಕಿತ್ತು, ಇಪ್ಪತ್ತಕ್ಕೆ ತಿರುಗಿಸಿದ.
ಹರಳು ಪಟಪಟ ಸಿಡಿದು ಮುಚ್ಚಳಕ್ಕೆ ಅಂಟಿತು.
ಆರು ವಾರ, ಒಂದು ಬೊಟ್ಟಿನಷ್ಟು ಮಸಿ.
ನಾನು ಬೈಯಲಿಲ್ಲ. ಒರೆಸುವ ಬಟ್ಟೆ ಕೊಟ್ಟೆ.

ಪೆರೀನಾ ಅತ್ತೆ ಹನ್ನೊಂದು ವರ್ಷ
ಮೇಲಿನ ಮನೆಗೂ ಕೆಳಗಿನ ಮನೆಗೂ ಸವೆದಳು.
“ಹೇಳು ಅವನಿಗೆ, ಅವನ ಕತ್ತೆ ನನ್ನ ಬಳ್ಳಿಗೆ ಬಾಯಿ ಹಾಕಿದರೆ
ಕಾಲು ಮುರೀತೀನಿ” ಎಂದು ಅಪ್ಪ ಕೊಟ್ಟ ಮಾತು
ಕಲ್ಲುಮೆಟ್ಟಿಲು ಇಳಿಯುವಷ್ಟರಲ್ಲಿ ಅವಳ ಬಾಯಲ್ಲಿ
“ದ್ರಾಕ್ಷಿ ಚಿಗುರಿದೆಯಂತೆ, ನೀನೊಮ್ಮೆ ನೋಡಬೇಕಂತೆ” ಆಗುತ್ತಿತ್ತು.
ಸೆರಗಿಲ್ಲದ ಊರು; ಏಪ್ರನ್ನಿನಲ್ಲೇ ಬಿಸಿ ಹಿಡಿದು
ಬ್ಲಿತ್ವದ ಪಾತ್ರೆ, ಅರ್ಧ ಅಲ್ಲಿಗೆ ಅರ್ಧ ಇಲ್ಲಿಗೆ.

ಮುನ್ನೂರು ದಾಟಿತು.
ಈಗ ಹೋಗುವುದು ಅವಳೇ. ಅಂದರೆ, ಆಕ್ಸಲೇಟು.
ಇಂಗಾಲದ ಆವಿಯಾಗಿ ಕೊಳವೆ ಹಿಡಿದು
ನೀರಿನ ಬಾಟಲಿಯಲ್ಲಿ ಗುಳುಗುಳು.
ಗೆರೆ ಕಡಿದಾದ ದಂಡೆಯ ಹಾಗೆ ಬೀಳುತ್ತದೆ.
ಮೊದಮೊದಲು ಇದನ್ನು ನಷ್ಟ ಅಂದುಕೊಳ್ಳುತ್ತಿದ್ದೆ;
ದಾಖಲೆ ಪುಸ್ತಕದಲ್ಲೂ ಆ ಸಾಲಿನ ತಲೆಗೆ ಅದೇ ಪದ,
ನಷ್ಟ, ಶೇಕಡಾ ಇಷ್ಟು.

ಹೋಗುವಾಗ ಅದು ಒಂದನ್ನು ಬಿಟ್ಟುಹೋಗುತ್ತದೆ.
ತಾನು ಕೈ ಹಿಡಿದಿದ್ದ ಜಾಗದಲ್ಲೇ,
ತಾಮ್ರಕ್ಕೂ ಕ್ರೋಮಿಯಮ್ಮಿಗೂ ನಡುವೆ, ಆಮ್ಲಜನಕ.
ಅದರದ್ದೇ ಎಂದು ಆಣೆಯಿಟ್ಟು ಹೇಳಲಾರೆ,
ಗಾಳಿಯದ್ದೂ ಬೆರೆತಿರಬಹುದು.

ಅತ್ತೆಯ ಪೆಟ್ಟಿಗೆಗೆ ಮುಂದೆ ಒಬ್ಬ ಹಿಂದೆ ಒಬ್ಬ ಹೆಗಲು.
ಅದೇ ಮೆಟ್ಟಿಲಲ್ಲಿ ಅಪ್ಪನ ಕಾಲು ಎಡವಿತು.
“ಎಡಕ್ಕೆ ಹಿಡಿ” ಅಂದ ಲುಕ್ಷಾ.
ಹನ್ನೊಂದು ವರ್ಷದ ಮೇಲೆ ನೇರವಾಗಿ ಬಂದ ಮೊದಲ ಮಾತು.
ತಿದ್ದಿ ದಾಟಿಸುವವರು ಯಾರೂ ಇರಲಿಲ್ಲ.
ಅಪ್ಪ ಎಡಕ್ಕೆ ಹಿಡಿದ.

ಐನೂರೈವತ್ತು. ಗೆರೆ ಮಲಗಿದೆ.
ಹೊರಗೆ ಮೊದಲ ಟ್ರ್ಯಾಮು ತಿರುವಿನಲ್ಲಿ ಕಿರುಗುಟ್ಟುತ್ತದೆ.
ಮೂಸೆಯಲ್ಲಿ ಉಳಿದದ್ದು ಕಪ್ಪು ಪುಡಿ,
ಮೊದಲಿನ ಮೂರರಲ್ಲಿ ಒಂದು ಪಾಲೂ ಇಲ್ಲ.
ಆರಿದ ಮೇಲೆ ಎಕ್ಸ್-ರೇಗೆ ಕೊಡಬೇಕು,
ಒಂದೇ ಮನೆಯೋ ಎರಡೋ, ಅದು ಹೇಳಲಿ.
ಡಾಕ್ಟರ್ ತಿಹಾನಾ ಎಂಟಕ್ಕೆ ಬಂದು ಕೇಳುತ್ತಾರೆ, “ಏನಾಯಿತು?”

ಅಪ್ಪ, ದೊಡ್ಡಪ್ಪ ಈಗಲೂ ಜಗಳವಾಡುತ್ತಾರೆ,
ಬ್ಲಿತ್ವಕ್ಕೆ ಅವಳು ಎಷ್ಟು ಎಸಳು ಬೆಳ್ಳುಳ್ಳಿ ಹಾಕುತ್ತಿದ್ದಳೆಂದು,
ಎದುರುಬದುರು ಕೂತು.